ಹುಣಸೆ ಬೀಜದ ಚೀಲ, ಚಂಗಲರಾಯಪ್ಪನವರ ಸೀಟು

ಅಂಗಡಿಯ ಅಟ್ಟದ ಮೇಲೆ ಒಂದು ಹುಣಸೆ ಬೀಜದ ಚೀಲ ಇದೆ, ಅದನ್ನು ಎಸೆದುಬಿಡಲಾ ಎಂದು ಹೋದ ವಾರ ಮಂಜುನಾಥ ಫೋನು ಮಾಡಿದ್ದ. ಮಂಜುನಾಥ ನನ್ನ ತಂಗಿಯ ಮಗ. ದಬ್ಬಳ ಹಿಡಿದರೆ ಬೆರಳು ನಡುಗಲು ಶುರುವಾದ ಮೇಲೆ, ಕೋಲಾರದ ಬಸ್ ಸ್ಟ್ಯಾಂಡಿನ ಹತ್ತಿರವಿದ್ದ ನನ್ನ ಸೀಟಿನ ಅಂಗಡಿಯನ್ನು ಅವನಿಗೇ ಬಿಟ್ಟುಕೊಟ್ಟಿದ್ದೇನೆ. ಎಸೆದರೆ ನಿನ್ನ ಕಾಲು ಮುರಿಯುತ್ತೇನೆ ಎಂದೆ. ಅವನು ನಕ್ಕ. ಅವನ ಹತ್ತಿರ ಕೆಲಸ ಕಲಿಯುತ್ತಿರುವ ಹುಡುಗರು ಹಿಂದಿನಿಂದ ನಕ್ಕಿದ್ದೂ ಕೇಳಿಸಿತು. ನಗಲಿ. ಇದನ್ನು ಆ ಹುಡುಗರಿಗಾಗಿಯೇ ಬರೆಯುತ್ತಿದ್ದೇನೆ.

ನಮ್ಮದು ಮಾಲೂರು ಕಡೆಯ ರಾಗಿ ಬೆಳೆಯುವ ಮನೆ. ಹೊಲಕ್ಕೆ ಅಣ್ಣಂದಿರು ಸಾಕಷ್ಟು ಜನ ಇದ್ದರು. ನಾನು ಕೋಲಾರಕ್ಕೆ ಬಂದು ಖಾದರ್ ಸಾಬರ ಅಂಗಡಿ ಸೇರಿದೆ. ಊರೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ. ಹಿರಿಯ ಕೆಲಸಗಾರನಾಗಿದ್ದು, ಕೊನೆಗೆ ಅಂಗಡಿ ನನ್ನ ಪಾಲಿಗೆ ಬಂದಿದ್ದು, ಅದೆಲ್ಲ ಬಿಡಿ, ಅದರಿಂದ ನಿಮಗೆ ಆಗಬೇಕಾದ್ದೇನೂ ಇಲ್ಲ. ಆಗ ಸೀಟು ಎಂದರೆ ಮರದ ಚೌಕಟ್ಟು, ಅದರ ಮೇಲೆ ಸ್ಪ್ರಿಂಗು, ಸ್ಪ್ರಿಂಗಿನ ಮೇಲೆ ಗೋಣಿ ತಾಟು, ತಾಟಿನ ಮೇಲೆ ಕೈಯಿಂದ ಬಿಡಿಸಿದ ತೆಂಗಿನ ನಾರು, ಎಲ್ಲಕ್ಕೂ ಮೇಲೆ ರೆಕ್ಸಿನ್. ನಾರು ಬಿಡಿಸುವಾಗ ಏಳುತ್ತಿದ್ದ ಧೂಳಿಗೆ ಸಂಜೆಯವರೆಗೂ ಸೀನುತ್ತಿದ್ದೆವು. ನಿಮಗೆ ಆ ಕಷ್ಟವಿಲ್ಲ. ಫೋಮನ್ನು ಬ್ರೆಡ್ಡಿನ ಹಾಗೆ ಕೊಯ್ದು, ಗೋಂದು ಬಳಿದು, ಮಧ್ಯಾಹ್ನದೊಳಗೆ ಗಿರಾಕಿಯನ್ನು ಸಾಗಹಾಕುತ್ತೀರಿ.

ಉಸ್ತಾದರಿಗೆ ಅಳತೆ ಟೇಪಿನ ಮೇಲೆ ನಂಬಿಕೆ ಇರಲಿಲ್ಲ. ಟೇಪು ಸೀಟನ್ನು ಅಳೆಯುತ್ತದೆ, ಕೂರುವವನನ್ನು ಅಳೆಯುವುದಿಲ್ಲ ಎನ್ನುತ್ತಿದ್ದರು. ಅದಕ್ಕಾಗಿ ಅವರು ಮಾಡಿಕೊಂಡ ಉಪಾಯವೇ ಆ ಚೀಲ. ಶ್ರೀನಿವಾಸಪುರದ ಕಡೆ ಹುಣಸೆಹಣ್ಣು ಬಿಡಿಸುವ ಮನೆಗಳ ಮುಂದೆ ಬೀಜ ರಾಶಿ ಬಿದ್ದಿರುತ್ತಿತ್ತು. ನುಣ್ಣನೆಯ ಬೀಜ, ಒಂದರ ಮೇಲೊಂದು ಜಾರಿಕೊಂಡು ಹೇಳಿದ ಕಡೆ ಸರಿಯುತ್ತದೆ. ಹಳೆಯ ಸೀಟು ಬಿಚ್ಚಿ ತೆಗೆದು, ಆ ಜಾಗದಲ್ಲಿ ಬೀಜದ ಚೀಲ ಇಟ್ಟು, ಡ್ರೈವರನ್ನು ಅದರ ಮೇಲೆ ಕೂರಿಸುವುದು. ಚೀಲದ ಬಾಯಿ ಪಕ್ಕಕ್ಕೆ ಇರುತ್ತದೆ. ಎತ್ತರ ಹೆಚ್ಚಾದರೆ ಬೊಗಸೆಯಲ್ಲಿ ಬೀಜ ತೆಗೆಯುವುದು, ಕಡಿಮೆಯಾದರೆ ತುಂಬುವುದು. ಕಣ್ಣು, ಕೈ, ಕಾಲು ಮೂರೂ ಸರಿಬಂತು ಎಂದು ಅವನು ಹೇಳಿದ ಮೇಲೆ ಇಳಿಸುವುದು. ಅವನು ಕೂತ ಗುಳಿ ಚೀಲದಲ್ಲಿ ಹಾಗೇ ಉಳಿದಿರುತ್ತದೆ. ಗುಳಿಯ ತಳದಿಂದ ಕೆಳಗಿನ ತಗಡಿನವರೆಗೆ ಎಷ್ಟಿದೆಯೋ ನೋಡಿಕೊಂಡು, ಮನುಷ್ಯನ ಭಾರ ಬಿದ್ದಾಗ ಅಷ್ಟಕ್ಕೇ ನಿಲ್ಲುವಂತೆ ಸೀಟು ಕಟ್ಟುವುದು.

ಮಾಲೂರಿನಿಂದ ಹೆಂಚು ಸಾಗಿಸುವ ಲಾರಿಯ ಡ್ರೈವರ್ ಒಬ್ಬನಿದ್ದ, ಪಿಳ್ಳಪ್ಪ ಅಂತ. ಆಳು ಗಿಡ್ಡ. ಲಾರಿಯಲ್ಲಿ ಕೂತರೆ ದಾರಿಯಲ್ಲಿ ಹೋಗುವವರಿಗೆ ತಾನು ಕಾಣಬೇಕು ಎಂಬುದು ಅವನ ಆಸೆ. ಚೀಲದ ಮೇಲೆ ಕೂರಿಸಿ ಅಳತೆ ತೆಗೆದ ಮೇಲೂ ಇನ್ನೂ ಎತ್ತರ ಬೇಕು ಎಂದು ಹಟ ಹಿಡಿದ. ಉಸ್ತಾದರು ಎರಡು ಸಲ ಬೇಡವೆಂದು ಹೇಳಿ, ಮೂರನೆಯ ಸಲ ಬಾಯಿ ಮುಚ್ಚಿಕೊಂಡು ಅವನು ಕೇಳಿದಷ್ಟು ಎತ್ತರಕ್ಕೆ ಮಾಡಿಕೊಟ್ಟರು. ಕೆಲವು ದಿನ ಬಿಟ್ಟು ಪಿಳ್ಳಪ್ಪ ನೆತ್ತಿ ಸವರಿಕೊಳ್ಳುತ್ತ ಬಂದ. ಹಳ್ಳ ಬಂದಾಗಲೆಲ್ಲ ತಲೆ ಲಾರಿಯ ಚಾವಣಿಗೆ ಹೊಡೆದು ನೆತ್ತಿ ಊದಿಕೊಂಡಿತ್ತು. ಉಸ್ತಾದರು ಒಳಗೆ ಹೋಗಿ ಚೀಲ ತಂದು ಇಟ್ಟು, ಕೂತ್ಕೊಳ್ಳಪ್ಪ ಮಹಾರಾಜ ಎಂದರು.

ಇನ್ನೊಂದು ಸಲ ಶಿವಾರಪಟ್ಟಣದಿಂದ ಕರೆ ಬಂತು. ಅಲ್ಲಿಯ ಶಿಲ್ಪಿಯೊಬ್ಬರು ಪದ್ಮಾಸನದಲ್ಲಿ ಕೂತ ಅಮ್ಮನವರ ಮೂರ್ತಿಯೊಂದನ್ನು ಮುಗಿಸಿದ್ದರು. ಅದನ್ನು ವ್ಯಾನಿನಲ್ಲಿ ದೂರದ ಊರಿಗೆ ಕಳಿಸಬೇಕು, ಕುಲುಕದ ಹಾಗೆ ಅಡಿಗೆ ನಾರಿನ ಹಾಸಿಗೆ ಮಾಡಿಕೊಡಬೇಕು. ನನ್ನ ವೃತ್ತಿಯಲ್ಲಿ ಕೂತಮೇಲೆ ಒಂದು ತಕರಾರೂ ಹೇಳದ ಗಿರಾಕಿ ಆ ಅಮ್ಮನವರೊಬ್ಬರೇ. ಕೆಲಸ ಮಾಡುತ್ತಾ, ಪಕ್ಕದಲ್ಲಿದ್ದ ಅರೆಬರೆ ಕಲ್ಲಿನ ಮೇಲೆ ಎಳೆದಿದ್ದ ಗೆರೆ ಏನೆಂದು ಶಿಲ್ಪಿಯನ್ನು ಕೇಳಿದೆ. ಅದು ಕಣ್ಣಿನ ಗೆರೆ ಎಂದರು. ಕಣ್ಣು ಕೆತ್ತುವುದು ಎಲ್ಲಕ್ಕಿಂತ ಕೊನೆಗೆ, ಆದರೆ ಅದು ಎಲ್ಲಿ ಬರುತ್ತದೆ ಎಂದು ಮೊದಲೇ ಗೆರೆ ಹಾಕಿಕೊಂಡು ಆಮೇಲೆ ಪೀಠಕ್ಕೆ ಎಷ್ಟು ಕಲ್ಲು ಬಿಡಬೇಕೆಂದು ತಾವು ನೋಡುವುದು ಎಂದರು. ಬಂದು ಉಸ್ತಾದರಿಗೆ ಹೇಳಿದೆ. ನಾವೂ ಅದನ್ನೇ ತಾನೇ ಮಾಡೋದು ಎಂದು ಅವರು ಬೀಡಿ ಹಚ್ಚಿದರು.

ಈಗ ಚಂಗಲರಾಯಪ್ಪನವರ ವಿಷಯಕ್ಕೆ ಬರುತ್ತೇನೆ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಉಸ್ತಾದರ ಕಣ್ಣು ಮಂಜಾಗಿ ಅವರು ಕೆಲಸ ಬಿಟ್ಟಿದ್ದರು. ಬೆಳಿಗ್ಗೆ ಬಂದು ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ನಮ್ಮ ಸುತ್ತಿಗೆಯ ಸದ್ದಿನಲ್ಲೇ ತಪ್ಪು ಹಿಡಿಯುತ್ತಿದ್ದರು. ಒಂದು ದಿನ ಹೆಣ್ಣುಮಗಳೊಬ್ಬಳು ಬಂದು ಲಾರಿಗಳ ನಡುವೆ ನಿಂತಳು. ನಮ್ಮ ಅಂಗಡಿಗೆ ಹೆಂಗಸರು ಬರುತ್ತಿದ್ದುದೇ ಅಪರೂಪ. ಹೆಸರು ಅಲಮೇಲಮ್ಮ, ಮುಳಬಾಗಿಲು ತಾಲ್ಲೂಕಿನ ಬೈರಕೂರಿನವಳು, ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಾರೆ. ಗಂಡನ ಕಾರಿನ ಡ್ರೈವರ್ ಸೀಟು ತಗ್ಗಿಸಿಕೊಡಬೇಕು ಎಂದಳು. ಯಾವ ಕಾರು ಎಂದೆ. ಎರಡೇ ಸೀಟಿನದು, ಮೇಲೆ ಬಟ್ಟೆಯ ಮುಚ್ಚಳ ಇರುವುದು ಎಂದಳು. ಬೈರಕೂರಿನಲ್ಲಿ ಸ್ಪೋರ್ಟ್ಸ್ ಕಾರು ಎಂದರೆ ಯಾರಿಗೆ ತಾನೇ ನಗು ಬರುವುದಿಲ್ಲ. ನಾನು ನಕ್ಕೆ. ಅವಳು ನಗಲಿಲ್ಲ.

ಗಂಡ ಚಂಗಲರಾಯಪ್ಪ ಬಹಳ ವರ್ಷ ಕೋಲಾರ ಮುಳಬಾಗಿಲು ದಾರಿಯಲ್ಲಿ ಖಾಸಗಿ ಬಸ್ಸು ಓಡಿಸಿದವರು. ಅವರ ಹೆಸರು ನನಗೂ ಗೊತ್ತಿತ್ತು. ಹಸಿ ಬಾಣಂತಿಯರನ್ನು ತವರಿಗೆ ಕರೆದೊಯ್ಯುವವರು ಮೊದಲು ಬಂದ ಬಸ್ಸು ಬಿಟ್ಟು ಅವರ ಬಸ್ಸಿಗೆ ಕಾಯುತ್ತಿದ್ದರು, ಅಷ್ಟು ಮೆತ್ತಗಿನ ಕೈ. ಚಿನ್ನದ ಗಣಿಯಲ್ಲಿದ್ದ ಎಂಜಿನಿಯರೊಬ್ಬರು ಊರು ಬಿಟ್ಟು ಹೋಗುವಾಗ ಹಳ್ಳಕ್ಕೆ ಬಿದ್ದು ನಜ್ಜುಗುಜ್ಜಾಗಿದ್ದ ಆ ಕಾರನ್ನು ಇವರಿಗೆ ಬಿಟ್ಟುಹೋಗಿದ್ದರಂತೆ. ರಜೆ ಸಿಕ್ಕಾಗಲೆಲ್ಲ ತಗಡು ತಟ್ಟಿ, ಎಂಜಿನ್ ಬಿಚ್ಚಿ ಕಟ್ಟಿ, ವರ್ಷಗಟ್ಟಲೆ ದುಡಿದು ಅದನ್ನು ಓಡುವಂತೆ ಮಾಡಿದ್ದರು. ಓಡಿದ ಮೊದಲ ದಿನ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆವನಿಯವರೆಗೆ ಹೋಗಿ ಬಂದಿದ್ದರು. ಅದಾದ ಸ್ವಲ್ಪ ಕಾಲಕ್ಕೇ ಅವರ ಕತ್ತು ಬಿಗಿಯಲು ಶುರುವಾಯಿತು. ಕತ್ತಿನ ಮೂಳೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿವೆ, ಇನ್ನು ಅದು ಬಗ್ಗುವುದಿಲ್ಲ ಎಂದು ಬೆಂಗಳೂರಿನ ಡಾಕ್ಟರು ಹೇಳಿ ಕಳಿಸಿದರು. ಬಸ್ಸಿನ ಕೆಲಸ ಹೋಯಿತು.

ಎತ್ತರದ ಆಳು. ಮೊದಲಾದರೆ ಕಾರಿನಲ್ಲಿ ಸ್ವಲ್ಪ ತಲೆ ತಗ್ಗಿಸಿ ಕೂರುತ್ತಿದ್ದರು. ಈಗ ತಗ್ಗಿಸಲು ಕತ್ತಿಲ್ಲ. ನೆಟ್ಟಗೆ ಕೂತರೆ ಮುಂದಿನ ಗಾಜಿನ ಮೇಲಂಚಿನ ಕಬ್ಬಿಣದ ಪಟ್ಟಿ ಸರಿಯಾಗಿ ಕಣ್ಣಿಗೆ ಅಡ್ಡ. ದಿನಕ್ಕೊಂದು ಸಲ ಕೊಟ್ಟಿಗೆಗೆ ಹೋಗಿ ಕಾರಿನಲ್ಲಿ ಕೂತು, ಆ ಪಟ್ಟಿಯನ್ನೇ ನೋಡಿ, ಎದ್ದು ಬಂದು ಹುಳುವಿನ ಕೋಣೆ ಸೇರಿಕೊಳ್ಳುತ್ತಿದ್ದರು. ಹಿಪ್ಪುನೇರಳೆ ಸೊಪ್ಪು ಹಾಕುವುದು, ಸುಮ್ಮನಿರುವುದು. ಮಾತೇ ಬಿಟ್ಟಿದ್ದರು. ಈಗ ಶ್ರೀನಿವಾಸಪುರದ ಗುಜರಿಯವನಿಗೆ ಹೇಳಿ ಕಳಿಸಿದ್ದರು, ಬಂದು ತಗೊಂಡು ಹೋಗು ಅಂತ.

"ಆ ಕಾರು ಹೋದ್ರೆ ಅವ್ರು ಮತ್ತೆ ಆ ಕೋಣೆಯಿಂದ ಈಚೆ ಬರಲ್ಲಣ್ಣ" ಎಂದಳು ಅಲಮೇಲಮ್ಮ. "ನಂಗೆ ಕಾರಲ್ಲಿ ಹೋಗೋ ಆಸೆ ಏನಿಲ್ಲ. ಆ ಮನುಷ್ಯ ಈಚೆ ಬರ್ಬೇಕು, ಅಷ್ಟೆ."

ಮರುದಿನವೇ ಹೊರಟೆ. ಬೀಜದ ಚೀಲ ಹೊತ್ತುಕೊಂಡು ಎರಡು ಬಸ್ಸು ಹತ್ತಿ ಇಳಿಯುವುದು ಯಾರಿಗೆ ಬೇಕು ಎಂದು ಅದನ್ನು ಅಂಗಡಿಯಲ್ಲೇ ಬಿಟ್ಟೆ. ಹಳ್ಳಿಯ ಮನೆಯಲ್ಲಿ ಕಾಳುಕಡ್ಡಿಗೆ ಬರವೇ, ಅಲ್ಲೇ ಏನಾದರೂ ಸಿಗುತ್ತದೆ ಎಂದುಕೊಂಡೆ. ಕೊಟ್ಟಿಗೆಯಲ್ಲಿ ಹಸುಗಳ ಪಕ್ಕದಲ್ಲಿ ಕಾರು ನಿಂತಿತ್ತು. ಮಾಸಿದ ಕೆಂಪು ಬಣ್ಣ, ಉದ್ದನೆಯ ಬಾನೆಟ್, ಮೊಣಕಾಲೆತ್ತರದ ಬಾಗಿಲು. ಮೇಲೆ ಹುಳುವಿನ ಬಿದಿರು ತಟ್ಟೆಗಳನ್ನು ಒರಗಿಸಿದ್ದರು. ಚಂಗಲರಾಯಪ್ಪ ಬಂದರು. ನನ್ನನ್ನು ನೋಡಲು ಕತ್ತು ತಿರುಗಲಿಲ್ಲ, ಇಡೀ ಮೈಯನ್ನೇ ತಿರುಗಿಸಿದರು. ನಿನ್ನನ್ನು ಕರೆದವರು ಯಾರು ಎಂದು ಕೇಳಿದರು. ನಾನು ಅಲಮೇಲಮ್ಮನ ಮುಖ ನೋಡಿದೆ. ಅವಳು, ಗುಜರಿಗೆ ಹಾಕುವ ಮೊದಲು ಒಂದು ಸಲ ನೋಡಿಸಿದರೆ ಕಾರೇನು ಅಳುತ್ತದಾ ಎಂದಳು. ಅವರ ಮೀಸೆ ಸ್ವಲ್ಪ ಅಲುಗಿತು. ಅದನ್ನೇ ಒಪ್ಪಿಗೆ ಎಂದುಕೊಂಡು ನಾನು ಸ್ಪ್ಯಾನರ್ ತೆಗೆದೆ.

ಸೀಟು ಬಿಚ್ಚಿದ ಮೇಲೆ, ಒಂದು ಚೀಲ ರಾಗಿ ಇದ್ದರೆ ಕೊಡಮ್ಮಾ ಎಂದೆ. ಯಾತಕ್ಕೆ ಎಂದು ವಿವರಿಸಿದೆ. ಅವಳು ಒಂದು ಗಳಿಗೆ ನಿಂತು ಗಂಡನ ಕಡೆ ನೋಡಿದಳು. ಆಮೇಲೆ ಒಳಗೆ ಹೋಗಿ ಒಗೆದ ಚೀಲದಲ್ಲಿ ರಾಗಿ ತುಂಬಿ ತಂದಳು. ನಾನದನ್ನು ಸೀಟಿನ ಜಾಗದಲ್ಲಿ ಹರಡಿಟ್ಟೆ. ಚಂಗಲರಾಯಪ್ಪ ಚಪ್ಪಲಿ ಕಳಚಿದರು, ಚೀಲ ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡರು, ಒಂದು ಕೈ ಬಾಗಿಲಿನ ಹೊಸ್ತಿಲ ಮೇಲೆ, ಇನ್ನೊಂದು ಕೈ ನಡುವಿನ ಉಬ್ಬಿನ ಮೇಲೆ ಊರಿಕೊಂಡು ನಿಧಾನವಾಗಿ ಇಳಿದರು. ಪಂಚೆ ಚೀಲದ ಮೇಲೆ ಹರಡಿತು.

ಅಲಮೇಲಮ್ಮನನ್ನು ಕಾರಿನ ಮುಂದೆ ನಿಲ್ಲಿಸಿದೆ. ಗಾಜಿನೊಳಗೆ ಅವರ ಕಣ್ಣು ಕಂಡಾಗ ಹೇಳಬೇಕು ಎಂದೆ. ನಾನು ಬೊಗಸೆಯಲ್ಲಿ ರಾಗಿ ತೆಗೆದು ಮೊರಕ್ಕೆ ಹಾಕುತ್ತಾ ಹೋದೆ, ಅವರು ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿಯುತ್ತಾ ಹೋದರು. ಹಣೆ ಕಾಣುತ್ತಿದೆ ಎಂದಳು. ಹುಬ್ಬು ಎಂದಳು. ಅವರ ತೋಳು ನಡುಗುತ್ತಿತ್ತು, ಕುತ್ತಿಗೆಯ ಮೇಲೆ ಬೆವರು ಹರಿಯುತ್ತಿತ್ತು. ಕತ್ತಿನ ನೋವಿರಬೇಕು ಎಂದುಕೊಂಡು ನಾನು ಕೈ ಚುರುಕು ಮಾಡಿದೆ. ಕೊನೆಗೆ ಅವಳು ಮಾತು ನಿಲ್ಲಿಸಿದಳು. ತಲೆ ಎತ್ತಿ ನೋಡಿದರೆ ಗಾಜಿನ ಆಚೆ ಈಚೆ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾ ಉಳಿದುಬಿಟ್ಟಿದ್ದರು.

"ಕಂಡ್ರಣ್ಣ" ಎಂದಳು ಆಮೇಲೆ.

ಅವರು ಎದ್ದ ಮೇಲೆ ಚೀಲದ ಮೇಲೆ ಕಡ್ಡಿ ಅಡ್ಡ ಇಟ್ಟು, ಅಲ್ಲಿಂದ ತಗಡಿನವರೆಗಿನ ಎತ್ತರವನ್ನು ಇನ್ನೊಂದು ಕಡ್ಡಿಯ ಮೇಲೆ ಗುರುತು ಮಾಡಿಕೊಂಡೆ. ಸೀಟನ್ನು ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಕೋಲಾರಕ್ಕೆ ಬಂದೆ. ಸೀಟಿನ ಕಾಲಿಗೆ ಕೊಟ್ಟಿದ್ದ ಮರದ ದಿಮ್ಮಿಗಳನ್ನು ತೆಗೆದೆ. ಸ್ಪ್ರಿಂಗುಗಳೇ ಅರ್ಧ ಎತ್ತರ ನುಂಗಿದ್ದವು. ಅಷ್ಟನ್ನೂ ಕಿತ್ತು, ಲಾರಿ ಟ್ಯೂಬನ್ನು ಉದ್ದುದ್ದ ಪಟ್ಟಿಯಾಗಿ ಕೊಯ್ದು, ಹಗ್ಗದ ಮಂಚ ಹೆಣೆಯುವಂತೆ ಚೌಕಟ್ಟಿಗೆ ಅಡ್ಡಡ್ಡ ಉದ್ದುದ್ದ ಹೆಣೆದೆ. ಸ್ಪ್ರಿಂಗಿನ ಮೆತ್ತನೆಯೂ ಬರುತ್ತದೆ, ಎತ್ತರವೂ ಉಳಿಯುತ್ತದೆ. ಮೇಲೆ ತೆಳ್ಳಗೆ ನಾರು ಹಾಸಿ ರೆಕ್ಸಿನ್ ಎಳೆದೆ. ಅಷ್ಟು ಚೆಂದದ ಕೆಲಸ ನನ್ನ ಕೈಯಿಂದ ಅದುವರೆಗೆ ಬಂದಿರಲಿಲ್ಲ. ಉಸ್ತಾದರ ಕೈಗೆ ಮುಟ್ಟಿಸಿದೆ. ಹೊಲಿಗೆಯ ಮೇಲೆ ಬೆರಳು ಓಡಿಸಿ ಹೂಂ ಎಂದರು. ಅವರ ಹೂಂ ಸಿಗುವುದು ಸುಲಭವಾಗಿರಲಿಲ್ಲ. ಬೈರಕೂರಿನ ಬಸ್ಸಿನಲ್ಲಿ ನಾನು ಬೀಗುತ್ತಲೇ ಕೂತಿದ್ದೆ.

ಚಂಗಲರಾಯಪ್ಪ ಅವತ್ತು ಗಡ್ಡ ಬೋಳಿಸಿಕೊಂಡು ಹಳೆಯ ಖಾಕಿ ಅಂಗಿ ಹಾಕಿಕೊಂಡಿದ್ದರು. ಸೀಟು ಕೂರಿಸಿ ಬೋಲ್ಟು ಬಿಗಿದೆ. ಅವರು ಕೂತರು. ಕೂತವರು ಹಾಗೇ ಕೆಳಗೆ ಇಳಿದುಹೋದರು. ಅವರ ಕಣ್ಣಿನ ಮುಂದೆ ಈಗ ಸ್ಟಿಯರಿಂಗಿನ ಮೇಲಂಚು ಇತ್ತು, ಅದರಾಚೆ ಬಾನೆಟ್ಟಿನ ತಗಡು, ಅದರಾಚೆ ಆಕಾಶ. ರಸ್ತೆಯೇ ಇಲ್ಲ. ಅವರು ಏಳಲು ನೋಡಿದರು. ಆಗಲಿಲ್ಲ. ಕತ್ತು ಬಗ್ಗದ ಮನುಷ್ಯನಿಗೆ ಅಷ್ಟು ತಗ್ಗಿನಿಂದ ಮೇಲೇಳುವುದು ಹೇಗೆ? ನಾನೂ ಅಲಮೇಲಮ್ಮನೂ ಕಂಕುಳಿಗೆ ಕೈ ಕೊಟ್ಟು ಎಳೆದೆವು. ಮೂರು ಜನರೂ ಏದುಸಿರು ಬಿಡುತ್ತಾ ನಿಂತೆವು. ಬಾಗಿಲಲ್ಲಿ ಪಕ್ಕದ ಮನೆಯವರು ನೋಡುತ್ತಿದ್ದರು.

"ಪರ್ವಾಲೇದು ಬಿಡಯ್ಯಾ" ಎಂದರು ಚಂಗಲರಾಯಪ್ಪ. "ನೀನು ಕೆಲಸ ಚೆನ್ನಾಗೇ ಮಾಡಿದೀಯ. ನನ್ನ ಮೈಯೇ ಕೆಟ್ಟಿರೋದು. ಗುಜರಿಯೋನು ಸೋಮವಾರ ಬರ್ತಾನೆ, ಕೊಟ್ಟುಬಿಡ್ತೀನಿ."

ಬೈದಿದ್ದರೆ ಎಷ್ಟೋ ವಾಸಿ ಇತ್ತು. ಖಾಕಿ ಅಂಗಿಯ ಗುಂಡಿ ಬಿಚ್ಚುತ್ತಾ ಅವರು ಹುಳುವಿನ ಕೋಣೆಗೆ ಹೋದರು. ಅಲಮೇಲಮ್ಮ ಊಟಕ್ಕೆ ಏಳಿ ಎಂದಳು. ಸೀಟನ್ನು ಮತ್ತೆ ಬಿಚ್ಚಿ ಹೊತ್ತುಕೊಂಡು ಬಂದೆ.

ಉಸ್ತಾದರಿಗೆ ಎಲ್ಲ ಹೇಳಿದೆ. ಗುರುತು ಮಾಡಿದ್ದ ಕಡ್ಡಿ ತೋರಿಸಿದೆ, ಅಳತೆ ಸರಿಯಾಗಿಯೇ ಇತ್ತು. ಅವರು, ಚೀಲದಲ್ಲಿ ಗುಳಿ ಎಷ್ಟು ಆಳ ಬಿದ್ದಿತ್ತು ಎಂದು ಕೇಳಿದರು. ಗುಳಿಯೇ ಇರಲಿಲ್ಲ. ಅದಕ್ಕೇ ಕಡ್ಡಿ ಅಷ್ಟು ಸಲೀಸಾಗಿ ಚೀಲದ ಮೇಲೆ ಅಡ್ಡ ಕೂತಿತ್ತು. ಅಷ್ಟು ದಪ್ಪ ಮೂಳೆಯ ಆಳು ಎದ್ದುಹೋದ ಮೇಲೆ ಚೀಲದ ಮೇಲೆ ಪಂಚೆಯ ಸುಕ್ಕು ಬಿಟ್ಟರೆ ಬೇರೆ ಗುರುತಿರಲಿಲ್ಲ.

"ಏನು ಹಾಕಿದ್ದೆ ಚೀಲದಲ್ಲಿ?"

"ರಾಗಿ."

"ಅರೆ, ಒಕ್ಕಲು ಮನೆಯೋರನ್ನ ರಾಗಿ ಮೇಲೆ ಕೂರಿಸ್ದೆಯಾ? ಅವ್ರು ಕೂತಿಲ್ಲ ಕಣೋ. ಕೈ ಮೇಲೆ ನಿಂತಿದ್ರು."

ನಮ್ಮ ಮನೆಯಲ್ಲಿ ರಾಗಿ ರಾಶಿಯ ಹತ್ತಿರ ಮಕ್ಕಳು ಕಾಲು ಚಾಚಿ ಕೂತರೆ ಅವ್ವ ಬರೆ ಹಾಕುತ್ತೇನೆ ಎನ್ನುತ್ತಿದ್ದಳು. ನೆಲಕ್ಕೆ ಬಿದ್ದ ಕಾಳನ್ನು ತುಳಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕಿತ್ತು. ಸೀಟಿನ ಕೆಲಸದಲ್ಲಿ ಮುಳುಗಿ ನನಗೆ ರಾಗಿ ಬರೀ ಜಾರುವ ಕಾಳಾಗಿತ್ತು. ಚಂಗಲರಾಯಪ್ಪನವರಿಗೆ ಆಗಿರಲಿಲ್ಲ. ಅಲಮೇಲಮ್ಮ ಒಂದು ಗಳಿಗೆ ನಿಂತಿದ್ದು, ಅವರು ಚೀಲ ಮುಟ್ಟಿ ನಮಸ್ಕಾರ ಮಾಡಿದ್ದು, ಎಲ್ಲ ಕಣ್ಣೆದುರೇ ನಡೆದಿತ್ತು. ತಿನ್ನುವ ಅನ್ನದ ಮೇಲೆ ಕೂರಲಾರದೆ, ಬೇಡ ಎಂದು ಹೆಂಡತಿಯ ಆಸೆಯನ್ನು ಮುರಿಯಲೂ ಆಗದೆ, ಬಸ್ಸಿನ ದೊಡ್ಡ ಚಕ್ರ ತಿರುಗಿಸಿದ ಆ ತೋಳುಗಳ ಮೇಲೆ ಇಡೀ ಮೈಯನ್ನು ಎತ್ತಿ ಹಿಡಿದುಕೊಂಡು, ನಾನು ರಾಗಿ ತೆಗೆದಷ್ಟು ಅವರು ಗಾಳಿಯಲ್ಲೇ ಇಳಿದಿದ್ದರು. ಹೀಗೆ ಚೀಲಕ್ಕೂ ಅವರಿಗೂ ನಡುವೆ ಬಿಟ್ಟಿದ್ದ ಆ ಸಂದಿನಷ್ಟೇ ಸೀಟು ತಗ್ಗಾಗಿತ್ತು.

ಸೋಮವಾರದವರೆಗೆ ಕಾಯುವ ಹಾಗಿರಲಿಲ್ಲ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಹೆಗಲ ಮೇಲೆ ಹುಣಸೆ ಬೀಜದ ಚೀಲ, ಕೈಯಲ್ಲಿ ಸೀಟು, ಇನ್ನೊಂದು ಕೈಚೀಲದಲ್ಲಿ ನಾರು, ದಬ್ಬಳ, ರೆಕ್ಸಿನ್. ಇಷ್ಟು ಸಾಮಾನಿಗೆ ಎರಡು ಟಿಕೆಟ್ ತಗೋ ಎಂದು ಕಂಡಕ್ಟರ್ ಜಗಳಕ್ಕೆ ಬಂದ. ಚಂಗಲರಾಯಪ್ಪನವರ ಮನೆಗೆ ಎಂದೆ. ಅವನು ತಾನೇ ಚೀಲಕ್ಕೆ ಕೈ ಕೊಟ್ಟ.

ಚಂಗಲರಾಯಪ್ಪ ಬರುವುದಿಲ್ಲ ಎಂದರು. ನಾನು ಹುಳುವಿನ ಕೋಣೆಯ ಬಾಗಿಲಲ್ಲೇ ನಿಂತೆ. ಹುಳುಗಳು ಸೊಪ್ಪು ತಿನ್ನುವ ಸದ್ದು ಮಳೆ ಹನಿಯುವ ಹಾಗೆ ಕೇಳುತ್ತಿತ್ತು. ಅಣ್ಣಾ, ಇದು ಹುಣಸೆ ಬೀಜ, ಇದನ್ನು ಯಾರೂ ಉಣ್ಣುವುದಿಲ್ಲ, ಈಗಲಾದರೂ ಪೂರ್ತಿ ಕೂತುಕೊಳ್ಳಿ ಎಂದೆ. ಅವರು ಕೈಯಲ್ಲಿದ್ದ ಸೊಪ್ಪು ಬಿಟ್ಟು ಇಡೀ ಮೈ ತಿರುಗಿಸಿ ನನ್ನನ್ನು ನೋಡಿದರು.

"ನಿಂಗೆ ಯಾರು ಹೇಳಿದ್ದು?"

"ಗುಳಿ ಬಿದ್ದಿರಲಿಲ್ಲ."

"ತಿನ್ನೋ ರಾಗಿ ಮೇಲೆ ಹೆಂಗಯ್ಯಾ ಕೂರೋದು" ಎಂದರು. ಮುಖದಲ್ಲಿ ನಾಚಿಕೆ ಇತ್ತು. "ಅವ್ಳು ಅಷ್ಟು ಆಸೆಪಟ್ಟು ತಂದಿದ್ಲು. ಬ್ಯಾಡ ಅನ್ನಕ್ಕೆ ಬಾಯಿ ಬರ್ಲಿಲ್ಲ."

ಬೀಜದ ಚೀಲದ ಮೇಲೆ ಅವರು ಕೂತರು. ಬೀಜಗಳು ಸರಸರ ಸರಿದು ಜಾಗ ಮಾಡಿಕೊಟ್ಟವು. ಎರಡೂ ಕೈಯನ್ನು ಸ್ಟಿಯರಿಂಗಿನ ಮೇಲೆ ಇಟ್ಟರು. ಆಗಲೇ ನನಗೆ ಗೊತ್ತಾಯಿತು, ಈ ಸಲ ಭಾರ ಪೂರ್ತಿ ಬಿದ್ದಿದೆ ಎಂದು. ಅಲಮೇಲಮ್ಮ ಮತ್ತೆ ಕಾರಿನ ಮುಂದೆ ನಿಂತು ಹಣೆ, ಹುಬ್ಬು, ಕಣ್ಣು ಎಂದಳು. ಅವರು ಎದ್ದಾಗ ಚೀಲದಲ್ಲಿ ಆಳವಾದ ಗುಳಿ ಇತ್ತು. ಅಲ್ಲೇ ಕೊಟ್ಟಿಗೆಯಲ್ಲಿ ಚಾಪೆ ಹಾಸಿಕೊಂಡು ರೆಕ್ಸಿನ್ ಬಿಚ್ಚಿದೆ. ಟ್ಯೂಬಿನ ಪಟ್ಟಿ ಬಿಗಿ ಮಾಡಿದೆ, ನಾಲ್ಕು ಬೆರಳು ನಾರು ತುಂಬಿದೆ, ಮುಂದಿನ ಅಂಚನ್ನು ಸ್ವಲ್ಪ ಏರಿಸಿ ತೊಡೆಗೆ ಆಸರೆ ಕೊಟ್ಟೆ. ಏಳುವಾಗ ಹಿಡಿದುಕೊಳ್ಳಲು ಮುಚ್ಚಳದ ಕಬ್ಬಿಣದ ಕಮಾನಿಗೆ ಚರ್ಮದ ಪಟ್ಟಿ ಕಟ್ಟಿದೆ. ಎಲ್ಲ ಮುಗಿಯುವ ಹೊತ್ತಿಗೆ ಹಸುಗಳು ಮೇದು ಮನೆಗೆ ಬಂದಿದ್ದವು.

ಇನ್ನೊಂದು ತಕರಾರು ಉಳಿದಿತ್ತು. ಅವರ ಸೀಟು ತಗ್ಗಿದ ಮೇಲೆ ಎಡಗಡೆಯ ಸೀಟು ಎತ್ತರವಾಗಿ ಕಂಡಿತು. ಗಂಡನಿಗಿಂತ ಮೇಲೆ ಕೂತು ಊರೊಳಗೆ ಹೇಗೆ ಹೋಗುವುದು, ತನ್ನದನ್ನೂ ತಗ್ಗಿಸಿ ಎಂದಳು ಅಲಮೇಲಮ್ಮ. ನಾನು ಸ್ಪ್ಯಾನರ್ ತಗೊಂಡೆ. ಚಂಗಲರಾಯಪ್ಪ ಬೇಡ ಎಂದರು.

"ನಾನು ಮುಂದಕ್ಕೆ ಮಾತ್ರ ನೋಡಬಲ್ಲೆ ಕಣೇ. ಎಡಕ್ಕೆ ಬಲಕ್ಕೆ ನೋಡಿ ಹೇಳೋಳು ನೀನು. ನೀನು ಮೇಲೇ ಇರ್ಬೇಕು."

ಬಸ್ ಡ್ರೈವರಾಗಿದ್ದಾಗ ಕಂಡಕ್ಟರಿಗೆ ಹೇಳುತ್ತಿದ್ದ ಧಾಟಿಯಲ್ಲೇ ಹೇಳಿದರು. ಅವಳು ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ಎಂಜಿನ್ ಕೆಮ್ಮಿ ಕೆಮ್ಮಿ ಹೊತ್ತಿಕೊಂಡಿತು, ಹಸುಗಳು ಹಗ್ಗ ಜಗ್ಗಿದವು, ಕಾರು ಕೊಟ್ಟಿಗೆಯಿಂದ ಹೊರಗೆ ಬಂತು. ಹಿಪ್ಪುನೇರಳೆ ತೋಟದ ಪಕ್ಕದ ದಾರಿಯಲ್ಲಿ ಅವರು ಹೋಗುವುದನ್ನು ನೋಡುತ್ತಾ ನಿಂತೆ. ಅವರ ತಲೆ ಅಲುಗದೆ ನೆಟ್ಟಗಿತ್ತು. ಅದಕ್ಕಿಂತ ಒಂದು ಗೇಣು ಮೇಲಿದ್ದ ಅವಳ ತಲೆ ಅತ್ತ ಇತ್ತ ತಿರುಗುತ್ತಲೇ ಇತ್ತು. ಎಡಕ್ಕೆ ಎಮ್ಮೆ, ಬಲಕ್ಕೆ ಯಾರೂ ಇಲ್ಲ ಎಂದು ಅವಳು ಕೂಗುವುದು ತಿರುವಿನವರೆಗೂ ಕೇಳಿಸಿತು. ನನಗೆ ಕಣ್ಣು ತುಂಬಿ ಬಂತು, ಹೇಳಿಕೊಳ್ಳಲು ನಾಚಿಕೆ ಏನಿಲ್ಲ. ಮರುದಿನ ಗುಜರಿಯವನು ಬಂದು ಬೈದುಕೊಂಡು ವಾಪಸ್ಸು ಹೋದನಂತೆ.

ಆಮೇಲಿನ ವರ್ಷಗಳಲ್ಲಿ ಅವರು ಆಗಾಗ ಕೋಲಾರಕ್ಕೆ ರೇಷ್ಮೆ ಗೂಡು ಮಾರಲು ಬಂದಾಗ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಹಾರ್ನ್ ಮಾಡುತ್ತಿದ್ದರು. ಇಳಿಯುತ್ತಿರಲಿಲ್ಲ, ಇಳಿಯುವುದು ಕಷ್ಟ. ನಾನೇ ಹೋಗಿ ಬಾಗಿಲ ಹತ್ತಿರ ಬಗ್ಗಿ ಮಾತಾಡಿಸುತ್ತಿದ್ದೆ. ಉಸ್ತಾದರು ಕುರ್ಚಿಯಿಂದಲೇ ಸಲಾಂ ಹೊಡೆಯುತ್ತಿದ್ದರು, ಎಂಜಿನ್ನಿನ ಸದ್ದಿನ ಮೇಲೆಯೇ ಗುರುತು ಹಿಡಿದು. ಉಸ್ತಾದರು ತೀರಿಕೊಂಡಾಗ ಚಂಗಲರಾಯಪ್ಪ ಮನೆಯವರೆಗೂ ಬಂದು, ಚರ್ಮದ ಪಟ್ಟಿ ಹಿಡಿದು ಇಳಿದು, ಅಂಗಳದಲ್ಲಿ ಬಹಳ ಹೊತ್ತು ನಿಂತಿದ್ದರು.

ಎಂಬತ್ತರ ದಶಕದಲ್ಲಿ ಫೋಮು ಬಂತು. ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ತೂಕವಿಲ್ಲ, ಜೀವವಿಲ್ಲ, ಎರಡು ವರ್ಷಕ್ಕೆ ಪುಡಿಯಾಗುತ್ತದೆ ಎಂದು ಗಿರಾಕಿಗಳ ಹತ್ತಿರ ವಾದ ಮಾಡಿ, ಎಷ್ಟೋ ಜನ ಎದುರಿನ ಅಂಗಡಿಗೆ ಹೋದರು. ಹಟಕ್ಕೆ ಬಿದ್ದು ನಾರನ್ನೇ ತುಂಬುತ್ತಿದ್ದೆ. ಒಂದು ಮಧ್ಯಾಹ್ನ ಪರಿಚಯದ ಹಾರ್ನ್ ಕೇಳಿ ಹೊರಗೆ ಬಂದೆ. ಸ್ಟಿಯರಿಂಗಿನ ಹಿಂದೆ ಅಲಮೇಲಮ್ಮ ಕೂತಿದ್ದಳು. ಚಕ್ರದ ಮೇಲಿಂದ ಅವಳ ಹಣೆ ಮತ್ತು ಕಣ್ಣು ಮಾತ್ರ ಕಾಣುತ್ತಿದ್ದವು. ಪಕ್ಕದ ಎತ್ತರದ ಸೀಟಿನಲ್ಲಿ ಚಂಗಲರಾಯಪ್ಪ, ಕಣ್ಣಿಗೆ ಅಡ್ಡ ಅದೇ ಕಬ್ಬಿಣದ ಪಟ್ಟಿ. ಬಿಗಿತ ಕತ್ತಿನಿಂದ ಹೆಗಲಿಗೆ ಇಳಿದಿತ್ತು. ತೋಳು ಎತ್ತಲು ಆಗುತ್ತಿರಲಿಲ್ಲ. ಅವಳಿಗೆ ಡ್ರೈವಿಂಗ್ ಕಲಿಸಿದ್ದು ಅವರೇ. ಬ್ರೇಕು ಒತ್ತುವುದರಲ್ಲಿ ತಮಗಿಂತ ಅವಳದು ಮೆತ್ತಗಿನ ಕಾಲು ಎಂದರು.

ಬೀಜದ ಚೀಲ ತಂದು ಎಡಗಡೆಯ ಸೀಟಿನ ಜಾಗದಲ್ಲಿ ಅವರನ್ನು ಕೂರಿಸಿ ಅಳತೆ ತೆಗೆದೆ. ಅವರಿಗೆ ರಸ್ತೆ ಕಾಣುವಂತೆ ಆ ಸೀಟನ್ನು ತಗ್ಗಿಸಿದೆ. ಈ ಸಲ ಒಂದೇ ಅಳತೆಗೆ ಸರಿಬಂತು. ಆಮೇಲೆ ಬಲಗಡೆಗೆ ಬಂದು, ಇದನ್ನು ನಿನ್ನ ಅಳತೆಗೆ ಎತ್ತರ ಮಾಡಿಬಿಡುತ್ತೇನಮ್ಮಾ, ಹಳೆಯ ನಾರು ಹೇಗೂ ಕುಗ್ಗಿದೆ ಎಂದೆ. ಬೋಲ್ಟಿಗೆ ಸ್ಪ್ಯಾನರ್ ಹಾಕಿದೆ. ಅವಳು ನನ್ನ ಕೈ ಹಿಡಿದಳು. ಚಂಗಲರಾಯಪ್ಪ ಆಗ ಅಂಗಡಿಯೊಳಗೆ ಉಸ್ತಾದರ ಹಳೆಯ ಕುರ್ಚಿಯಲ್ಲಿ ನೀರು ಕುಡಿಯುತ್ತಾ ಕೂತಿದ್ದರು.

"ಅದನ್ನ ಮುಟ್ಬೇಡಣ್ಣ" ಎಂದಳು ಮೆಲ್ಲಗೆ. "ಅದು ಅವ್ರದು. ನಂಗೆ ಮೇಲೊಂದು ದಿಂಬು ಮಾಡ್ಕೊಡು, ಸಾಕು. ಒಂದಿನ ನಾನೇ ಓಡಿಸ್ತೀನಿ ಅಂತ ಅವ್ರು ಎದ್ದು ಬಂದ್ರೆ, ತೆಗೆದು ಪಕ್ಕಕ್ಕೆ ಇಟ್ಕೋತೀನಿ."

ನಾನು ಎದುರಿನ ಅಂಗಡಿಗೆ ಹೋಗಿ ಫೋಮು ತಂದೆ. ನನ್ನ ಜನ್ಮದಲ್ಲಿ ಅದನ್ನು ಮೊದಲ ಸಲ ಕೊಯ್ದಿದ್ದು ಅವತ್ತೇ. ನಾರಿನ ದಿಂಬು ಭಾರ, ಎತ್ತಲು ಎರಡು ಕೈ ಬೇಕು. ಫೋಮಿನದು ಹಗುರ. ಕೆಂಪು ರೆಕ್ಸಿನ್ ಹಾಕಿ ಸುತ್ತ ಹೊಲಿದೆ. ಅವಳು ಗಡಿಬಿಡಿಯಲ್ಲಿದ್ದರೂ ಒಂದೇ ಕೈಯಲ್ಲಿ ಎಳೆದು ತೆಗೆಯಬಹುದಾದ ಹಾಗೆ, ದಿಂಬಿನ ಪಕ್ಕಕ್ಕೆ ಒಂದು ಗಟ್ಟಿ ಹಿಡಿ ಹೊಲಿದುಕೊಟ್ಟೆ.